ತೊರಗಲ್ ದಾರಿಯ ಒಂಬತ್ತು ತಿರುವು

“ಎಡ ನಾಕು, ಐವತ್ತು. ಬಲ ಮೂರು, ಬಿಗೀತದ, ಮೂವತ್ತು. ಬಲ ಐದು…”

ಆಮೇಲೆ ತಗಡು ಹರಿಯುವ ಸದ್ದು. ಅದರ ಬೆನ್ನಿಗೇ ಯಾರೋ ಸೇರಿಸಿದ ನಗು.

ಫೋನು ಕಬ್ಬಿನ ಲಾರಿಯ ಚಾಲಕ ಬಸವಣ್ಣೆಪ್ಪನದು. ದನಿ ಮುಕುಂದನದು, ಹನ್ನೊಂದು ವರ್ಷ ಹಿಂದಿನದು. ಸವದತ್ತಿಯಿಂದ ಯರಗಟ್ಟಿಗೆ ಹೋಗುವ ರಸ್ತೆಯ ಬದಿಗೆ ಲಾರಿ ತೂಗುವ ಕಾಟಾ ಇದೆ. ಅಲ್ಲಿ ಮುಕುಂದ ಕೂರುವ ಕಿಟಕಿಗೆ ಬಸವಣ್ಣೆಪ್ಪ ಫೋನು ಹಿಡಿದು ಹಲ್ಲು ಕಿರಿದ.

“ಆಚಾರ್ರ, ನಿಮ್ಮ ಹಾಡು ಎರಡು ಲಕ್ಷ ಮಂದಿ ಕೇಳ್ಯಾರಂತ ನೋಡ್ರಿ. ಲತಾ ದೀದಿ ಆಗೀರಿ ನೀವು.”

“ಗಾಡಿ ಒಂದೀಟು ಮುಂದ ತಗೋ,” ಎಂದ ಮುಕುಂದ. “ಹಿಂದಿನ ಗಾಲಿ ಕಾಟಾದ ಹೊರಗ ಅದ.”

“ಎಷ್ಟು ಮುಂದ ತಗೊಳ್ಳಿ? ಬಲ ಐದೋ, ಬಲ ಎರಡೋ?”

ಹಿಂದೆ ಸಾಲು ಹಚ್ಚಿದ್ದ ಲಾರಿಯವರೂ ನಕ್ಕರು. ಮುಕುಂದ ತೂಕದ ಚೀಟಿ ಹರಿದುಕೊಟ್ಟು ಮುಂದಿನ ಲಾರಿಯ ನಂಬರು ಬರೆದುಕೊಂಡ. ನಗು ಅವನಿಗೆ ರೂಢಿಯಾಗಿತ್ತು. ರೂಢಿಯಾದದ್ದು ನೋಯುವುದಿಲ್ಲ ಎಂದು ಹೇಳುವವರಿಗೆ ರೂಢಿ ಎಂದರೇನೆಂದು ಗೊತ್ತಿರುವುದಿಲ್ಲ.

ಅವತ್ತು ಮಧ್ಯಾಹ್ನ ಮಗಳು ಹರಿಪ್ರಿಯಾ ಸ್ಕೂಟಿಯ ಮೇಲೆ ಕಾಟಾಕ್ಕೆ ಬಂದಳು. ಇಪ್ಪತ್ತೆರಡರ ಹುಡುಗಿ. ಅವಳು ಕಾಟಾಕ್ಕೆ ಬರುವುದು ಅಪರೂಪ.

“ಅಪ್ಪಾ, ಮಹಾಂತಪ್ಪನ ರ್ಯಾಲಿ ಗಾಡ್ಯಾಗ ಬಾಜೂಕಿನ ಸೀಟು ಖಾಲಿ ಅದ. ಅವನ ನ್ಯಾವಿಗೇಟರ್ ಬ್ಯಾರೆ ಟೀಮಿಗೆ ಹೋದಾ.”

“ಕೇಳಿದೇನು?”

“ಕೇಳೀನಿ. ಅವನ ಅಣ್ಣ ಭೀಮಶಿ ಕಾಕಾ ಒಂದು ಮಾತು ಹೇಳ್ಯಾರ. ರವಿವಾರದ ಕ್ಲಾಸಿಗೆ ನೀ ಬರಬೇಕಂತ. ನಿನ್ನ ಟೇಪ್ ಹಚ್ಚಿದಾಗ ಎಲ್ಲಾರ ಮುಂದ ನಿಂತಿರಬೇಕಂತ. ಆಮ್ಯಾಲೆ ನನ್ನ ವಿಚಾರ ಮಾಡ್ತಾರಂತ.”

“ಸೀಟು ಕೊಡ್ತಾರಂತೋ, ವಿಚಾರ ಮಾಡ್ತಾರಂತೋ?”

“ವಿಚಾರ ಮಾಡ್ತಾರಂತ.” ಅವಳು ಸ್ಕೂಟಿಯಿಂದ ಇಳಿದಿರಲಿಲ್ಲ. “ನಾಕು ಟೀಮಿನ್ಯಾಗ ಕೇಳೀನಪ್ಪಾ. ‘ಮುಕುಂದಾಚಾರ್ರ ಮಗಳಾ? ಬ್ಯಾಡವಾ, ನಮಗ ಕಾಲು ಬೇಕು’ ಅಂದ್ರು. ಸೋಮವಾರ ಹೆಸರು ಕೊಡೂದು ಮುಗೀತದ. ಇದೊಂದs ಉಳದದ.”

ಮುಕುಂದ ಚೀಟಿಯ ಪುಸ್ತಕ ಮುಚ್ಚಿದ. “ಬರ್ತೀನಿ,” ಎಂದ.

ಈ ಸೀಮೆಯಲ್ಲಿ ಕಾರಿನ ಓಟ ಶುರುವಾದದ್ದು ಇಪ್ಪತ್ತಾರು ವರ್ಷದ ಹಿಂದೆ, ಬೈಲಹೊಂಗಲದಲ್ಲಿ, ಒಂದು ಹಟದಿಂದ. ಒಬ್ಬ ಹತ್ತಿ ಮಿಲ್ಲಿನ ಮಾಲೀಕ, ಒಬ್ಬ ಟ್ರ್ಯಾಕ್ಟರ್ ಮಾರುವವ, ಒಬ್ಬ ಡಾಕ್ಟರು. ಮೂವರೂ ಕಿತ್ತೂರಿನಿಂದ ರಾಮದುರ್ಗಕ್ಕೆ ಯಾರು ಮೊದಲು ಮುಟ್ಟುತ್ತಾರೆ ಎಂದು ಮಾತಿಗೆ ಮಾತು ಬೆಳೆಸಿ, ಕೊನೆಗೆ ಅದಕ್ಕೆ ಮಲಪ್ರಭಾ ರ್ಯಾಲಿ ಎಂದು ಹೆಸರಿಟ್ಟರು. ಮೊದಲ ವರ್ಷ ಕಿತ್ತೂರು ಕೋಟೆಯ ಮುಂದಿನಿಂದ ಹೊರಟದ್ದು ಹನ್ನೊಂದು ಗಾಡಿ. ಅದರಲ್ಲಿ ಒಂದು ಹಾಲಿನ ವ್ಯಾನು. ರಾಮದುರ್ಗ ಮುಟ್ಟಿದ್ದು ನಾಲ್ಕು. ಸಾಲಹಳ್ಳಿಯವರು ಯಾರೋ ಮಂತ್ರಿ ಬಂದರೆಂದು ಮಾಲೆ ಹಿಡಿದು ರಸ್ತೆಗೆ ಬಂದು, ಧೂಳು ಕುಡಿದು, ಹೊಳ್ಳಿ ಹೋದರು. ಎರಡನೆಯ ವರ್ಷ ಪೊಲೀಸರು ತಡೆದರು. ಮೂರನೆಯ ವರ್ಷ ಪರವಾನಗಿ ಬಂತು. ಆಮೇಲೆ ಹೆಲ್ಮೆಟ್ಟು, ಗಾಡಿಯೊಳಗೆ ಕಬ್ಬಿಣದ ಪಂಜರ, ಕಾಲುವೆ ದಾರಿಗೆ ಕಾವಲು.

ಆ ಕಾಲದಲ್ಲಿ ಚಾಲಕನ ಬಾಜೂಕ ಕೂರುವ ನ್ಯಾವಿಗೇಟರಿಗೆ ಒಂದೇ ಕೆಲಸ. “ಎಮ್ಮೀ!” ಎಂದು ಚೀರುವುದು.

ಅದನ್ನು ಬದಲಿಸಿದವನು ಮುಕುಂದ. ಅವನ ತಂದೆ ರಘೋತ್ತಮಾಚಾರ್ಯರು ಮುನವಳ್ಳಿಯ ವೈದಿಕರು. ಬೆಳಗಿನ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಪುಸ್ತಕವಿರಲಿಲ್ಲ. ಪುಸ್ತಕ ನೋಡಿ ಹೇಳುವವನನ್ನು ಅವರು ಮನುಷ್ಯರ ಲೆಕ್ಕದಲ್ಲಿ ಹಿಡಿಯುತ್ತಿರಲಿಲ್ಲ. ಮೂರು ಸಾಲಿಗೆ ಒಂದು ಉಸಿರು, ಎರಡು ಸಲ ಕೇಳಿದರೆ ಮೂರನೆಯ ಸಲ ಬಾಯಲ್ಲಿ ಬರಬೇಕು. ಮುಕುಂದನಿಗೆ ಹನ್ನೆರಡು ವರ್ಷವಿದ್ದಾಗ ಒಬ್ಬರ ಮನೆಯಲ್ಲಿ ಹದಿನಾರು ಜನ ಕೂಡಿ ಮಂತ್ರ ಹೇಳುವಾಗ ಅವನಿಗೆ ಸಾಲು ತಪ್ಪಿತು. ಅವನು ನಿಲ್ಲಿಸಿಬಿಟ್ಟ. ಊಟಕ್ಕೆ ಎಲೆ ಹಾಕಿ, ಅನ್ನ ಬಡಿಸಿದ ಮೇಲೆ, ತಂದೆ ಮಗನನ್ನು ಎಲೆಯ ಮುಂದಿನಿಂದ ಎಬ್ಬಿಸಿ, ಪಂಕ್ತಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಎಲ್ಲರೂ ಉಂಡು ಏಳುವವರೆಗೆ.

“ತಪ್ಪು ಹೇಳಿದ್ರ ಬಾಜೂಕಿನಾಂವ ತಿದ್ದತಾನ,” ಎಂದರು ಮನೆಗೆ ನಡೆಯುವಾಗ. “ನಿಂತ್ರ ಯಾರು ತಿದ್ದಬೇಕು? ದನಿ ಬಿಡಬಾರದು.”

ಮುಕುಂದ ಅವತ್ತಿನಿಂದ ದನಿ ಬಿಡಲಿಲ್ಲ.

ವೈದಿಕದಲ್ಲಿ ಅವನು ಉಳಿಯಲಿಲ್ಲ. ಬೈಲಹೊಂಗಲದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿ ಸೇರಿದ. ಅಲ್ಲಿಗೆ ಜಲ್ಲಿ ಮಷಿನ್ನಿನ ಮಾಲೀಕರ ಮಗ ಭೀಮಶಿ ಬರುತ್ತಿದ್ದ. ಮಾತು ಜೋರು, ಗಾಡಿ ಅದಕ್ಕಿಂತ ಜೋರು. ಮುಕುಂದ ಪುಸ್ತಕ ತೆರೆಯದೆ ಪ್ರತಿ ಭಾಗದ ನಂಬರು ಹೇಳುವುದನ್ನು ಒಂದು ದಿನ ಕಂಡು, ಅವನನ್ನು ಕೌಂಟರಿನ ಹಿಂದಿನಿಂದ ಎಳೆದುಕೊಂಡೇ ಹೋದ.

“ಆಚಾರಿ, ನನ್ನ ಬಾಜೂಕ ಕುಂಡ್ರು. ನಾ ಗಾಡಿ ಹೊಡಿತೇನಿ, ನೀ ರಸ್ತಾ ಹೇಳು.”

ಓಟಕ್ಕೆ ಮೊದಲು ಆ ದಾರಿಯಲ್ಲಿ ಎರಡು ಸಲ ನಿಧಾನವಾಗಿ ಹೋಗಿ, ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎಡವೋ ಬಲವೋ, ಎಷ್ಟು ಬಿಗಿ, ಮುಂದಿನ ತಿರುವಿಗೆ ಎಷ್ಟು ಮೀಟರು. ಒಂದು ಎಂದರೆ ಗಾಡಿ ನಿಂತಷ್ಟು ನಿಧಾನ, ಆರು ಎಂದರೆ ಕಾಲು ತೆಗೆಯುವುದೇ ಬೇಡ. ಓಟದಲ್ಲಿ ಬಾಜೂಕಿನವನು ಅದನ್ನು ಓದುತ್ತಾನೆ. ಚಾಲಕ ಕಣ್ಣನ್ನಲ್ಲ, ಆ ದನಿಯನ್ನು ನಂಬಿ ಹೊಡೆಯುತ್ತಾನೆ. ಭೀಮಶಿ ಮೊದಲ ದಿನವೇ ಎರಡು ಕಟ್ಟಳೆ ಹಾಕಿದ್ದ.

“ಬಾಯಿಪಾಠ ಹೇಳಬ್ಯಾಡ, ಪುಸ್ತಕ ನೋಡಿ ಹೇಳು. ಸಾಲು ತಪ್ಪಿತಂದ್ರ ‘ತಪ್ಪೇತಿ’ ಅನ್ನು. ಒಂದs ಮಾತು. ನಾ ಬ್ರೇಕ್ ಹಾಕತೇನಿ.”

“ಆಗ್ಲಿ,” ಎಂದಿದ್ದ ಮುಕುಂದ.

ಹನ್ನೆರಡು ವರ್ಷ ಅವರು ಕೂಡಿ ಓಡಿಸಿದರು, ನಾಲ್ಕು ಸಲ ಗೆದ್ದರು. ಕಪ್ಪು ಮಣ್ಣಿನ ದಾರಿಯಲ್ಲಿ ಜಿಪ್ಸಿ ಗಾಡಿ ಅಡ್ಡಡ್ಡ ಜಾರುತ್ತಿದ್ದರೂ ಮುಕುಂದನ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮುದುಕರಾದ ಮೇಲೆ ರಘೋತ್ತಮಾಚಾರ್ಯರು ಒಮ್ಮೆ ಯಾರದೋ ಫೋನಿನಲ್ಲಿ ಅದನ್ನು ಕೇಳಿ, “ಸ್ವರ ಶುದ್ಧ ಅದ,” ಎಂದರು. ಮಗನಿಗೆ ಅವರು ಕೊಟ್ಟ ಹೊಗಳಿಕೆ ಅದೊಂದೇ.

ಹನ್ನೊಂದು ವರ್ಷದ ಹಿಂದೆ, ಸಾಲಹಳ್ಳಿಯಿಂದ ತೊರಗಲ್‌ಗೆ ಹೋಗುವ ಹದಿನೆಂಟು ಕಿಲೋಮೀಟರಿನಲ್ಲಿ, ಕೋಟೆಯ ಗುಡ್ಡ ಕಣ್ಣಿಗೆ ಬೀಳುವ ಜಾಗದಲ್ಲಿ, ಮುಕುಂದ “ಬಲ ಐದು” ಎಂದ. ಅದು ಬಲ ಎರಡು. ಗಾಡಿ ಹಳೆಯ ಕಲ್ಲುಖಣಿಗೆ ಹಾರಿತು. ಭೀಮಶಿಯ ಬೆನ್ನುಹುರಿ ಮುರಿಯಿತು. ಮುಕುಂದನಿಗೆ ಮಣಿಕಟ್ಟಿನಲ್ಲಿ ಎರಡು ಹೊಲಿಗೆ ಬಿತ್ತು. ಗಾಡಿ ಕುಲುಕಿ ಕಣ್ಣು ಒಂದು ಸಾಲು ಕೆಳಗೆ ಜಾರಿತು ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ. ಎಲ್ಲರೂ ಅದನ್ನೇ ಹೇಳಿದರು. ಭೀಮಶಿಯೂ ಅದನ್ನೇ ನಂಬಿದ.

ಗಾಡಿಯ ಗಾಜಿನ ಹತ್ತಿರ ಸಣ್ಣ ಕ್ಯಾಮರಾ ಇತ್ತು. ಅದರಲ್ಲಿ ಮೂಡಿದ್ದು ಬರಿಯ ರಸ್ತೆ, ಮತ್ತು ಮುಕುಂದನ ಬಾಯ ಮುಂದಿನ ಮೈಕಿನ ಸದ್ದು. ಎರಡು ವರ್ಷದ ಮೇಲೆ ಭೀಮಶಿ ಗಾಲಿಕುರ್ಚಿಯಲ್ಲಿ ಕೂತು ರ್ಯಾಲಿಯ ಅಧ್ಯಕ್ಷನಾದ. ಆ ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಹೊಸ ನ್ಯಾವಿಗೇಟರರಿಗೆ ಒಂದು ಕ್ಲಾಸು, ಕ್ಲಾಸಿನ ಕೊನೆಗೆ ಆ ಟೇಪು. ಅಲ್ಲಿಂದ ಅದು ಫೋನಿಗೆ ಬಂತು, ಫೋನಿನಿಂದ ಬಸ್ ಸ್ಟ್ಯಾಂಡಿಗೆ.

ರವಿವಾರ ಹತ್ತು ಗಂಟೆಗೆ ಬೈಲಹೊಂಗಲದ ಕಲ್ಯಾಣ ಮಂಟಪದಲ್ಲಿ ನಲವತ್ತು ಜನ ಸೇರಿದ್ದರು. ಅಪ್ಪ ಮಗಳು ಒಳಗೆ ಬಂದಾಗ ಭೀಮಶಿ ಗಾಲಿಕುರ್ಚಿಯನ್ನು ತಾನೇ ತಿರುಗಿಸಿದ. ಇಸ್ತ್ರಿ ಮಾಡಿದ ಪ್ಯಾಂಟು. ಅದರ ಗೆರೆ ಎಂದೂ ಕೆಡುತ್ತಿರಲಿಲ್ಲ.

“ಬರ್ರಿ ಆಚಾರ್ರ, ಬರ್ರಿ. ಹನ್ನೊಂದು ವರ್ಷ ಆತು. ದಾರಿ ತಪ್ಪಿತ್ತೇನು?”

ಜನ ನಕ್ಕರು.

“ಹುಡುಗೂರ್ರ, ಇವರು ಮುಕುಂದಾಚಾರ್ರು. ಇವರ ಮಂತ್ರಾ ಕೇಳಿ ಕುಂತಾಂವ ನಾ ಇನ್ನೂ ಎದ್ದಿಲ್ಲ.”

ಮತ್ತೆ ನಕ್ಕರು. ಮುಕುಂದನಿಗೆ ಕುರ್ಚಿ ಕೊಡಲಿಲ್ಲ. ಪರದೆಯ ಪಕ್ಕ ನಿಲ್ಲಿಸಿದರು. ಪ್ರೊಜೆಕ್ಟರಿನ ಬೆಳಕು ಅರ್ಧ ಪರದೆಯ ಮೇಲೆ, ಅರ್ಧ ಅವನ ಮೇಲೆ ಬಿತ್ತು. ತೊರಗಲ್ ದಾರಿ ಅವನ ಬಿಳಿ ಅಂಗಿಯ ಮೇಲೆ ಹರಿಯತೊಡಗಿತು.

ಮೊದಲ ಸಲ ಟೇಪನ್ನು ಇಡಿಯಾಗಿ ಹಚ್ಚಿದರು. ಎರಡನೆಯ ಸಲ ತಿರುವಿಗೊಮ್ಮೆ ನಿಲ್ಲಿಸಿ ಹಚ್ಚಿದರು. ಮೂರನೆಯ ಸಲ ಭೀಮಶಿ ಸದ್ದು ತೆಗೆಸಿದ.

“ಈಗ ನೀನs ಹೇಳು ಆಚಾರಿ. ಬಾಯಾಗ ಇನ್ನೂ ಐತಿಲ್ಲೋ ನೋಡೂಣು.”

ಮುಕುಂದ ಹರಿಪ್ರಿಯಾಳ ಕಡೆ ನೋಡಿದ. ಅವಳು ಎರಡನೆಯ ಸಾಲಿನಲ್ಲಿ, ಮೊಣಕಾಲ ಮೇಲೆ ವಹಿ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಅವನು ಹೇಳತೊಡಗಿದ. ಪರದೆಗೆ ಬೆನ್ನು ಮಾಡಿ ನಿಂತಿದ್ದರೂ ಪ್ರತಿ ತಿರುವೂ ಅದರದರ ವೇಳೆಗೆ ಬಂತು. ನಗುತ್ತಿದ್ದವರು ಸುಮ್ಮನಾದರು. ಕೊನೆಯ ತಿರುವಿನ ಮುಂದೆ ಅವನು ನಿಲ್ಲಿಸಿದ.

“ಅದನ್ನೂ ಹೇಳಪಾ,” ಎಂದ ಭೀಮಶಿ. “ಅದಕ್ಕs ಕರಿಸೀನಿ.”

“ಬಲ ಐದು.”

“ಕೇಳಸಲಿಲ್ಲ.”

“ಬಲ ಐದು.”

“ಹಾಂ.” ಭೀಮಶಿ ಕೈಯಿಂದ ತನ್ನ ಎಡಗಾಲನ್ನು ಎತ್ತಿ ಸ್ವಲ್ಪ ಆಚೆ ಇಟ್ಟುಕೊಂಡ. “ಇನ್ನ ಸೀಟಿನ ಮಾತು.”

ಸೀಟು ಕೇಳಿದವರು ಇಬ್ಬರು. ಹರಿಪ್ರಿಯಾ, ಮತ್ತು ರಾಮದುರ್ಗದ ಭರಮಪ್ಪ ಎಂಬ ತರುಣ. ಇಬ್ಬರನ್ನೂ ಮುಂದೆ ಕರೆದರು. ಭೀಮಶಿಯ ತಮ್ಮ ಮಹಾಂತಪ್ಪ, ಗಾಡಿ ಓಡಿಸುವವನು, ಅಣ್ಣನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದ.

“ನನ್ನ ತಮ್ಮನ ಜೀವಾ ಕೈಯಾಗ ಕೊಡೂಮುಂದ ನಿಮ್ಮ ಕಿವಿ ನೋಡಬೇಕು. ಆಚಾರ್ರು ಎಲ್ಲಿ ತಪ್ಪಿದ್ರು, ಹೇಳ್ರಿ.”

“ಕಡೀ ತಿರುವಿನ್ಯಾಗ ಸಾಲು ಜಾರಿ ಓದ್ಯಾರ್ರಿ,” ಎಂದ ಭರಮಪ್ಪ.

“ನೀ ಏನಂತೀ ಯವ್ವಾ?”

“ಸಾಲು ಜಾರ್ಯದ,” ಎಂದಳು ಹರಿಪ್ರಿಯಾ.

“ಇದನ್ನ ಹೊರಗಿನ ಚಾದಂಗಡ್ಯಾಂವನೂ ಹೇಳತಾನ.” ಭೀಮಶಿ ಬೇಸರದಿಂದ ತೊಡೆಯ ಮೇಲಿನ ಫಾರ್ಮು ಎತ್ತಿಕೊಂಡ. “ಇಬ್ಬರದೂ ಒಂದs ಉತ್ತರ ಆತು. ಹಂಗಿದ್ರ ಭರಮಪ್ಪನ್ನs ತಗೊಳ್ಳೂಣು. ಆಚಾರ್ರ ಮನಿ ನೀರು ನಮಗ ಒಗ್ಗೂದಿಲ್ಲ.”

ಫಾರ್ಮನ್ನು ಭರಮಪ್ಪನ ಕಡೆ ಚಾಚಿದ.

“ಕಾಕಾ, ತಡೀರಿ.” ಹರಿಪ್ರಿಯಾಳ ದನಿ ಏರಲಿಲ್ಲ, ಇಳಿಯಲಿಲ್ಲ. “ಸಣ್ಣ ಸೇತುವಿ ಬರ್ತದಲ್ಲ, ಅದರ ಹಿಂದಿನಿಂದ ಹೊಳ್ಳಿ ಹಚ್ಚರಿ. ಸದ್ದು ಪೂರ್ತಿ ಇಡ್ರಿ.”

“ಹರಿಪ್ರಿಯಾ,” ಎಂದ ಮುಕುಂದ.

ಅವಳು ತಿರುಗಿ ನೋಡಲಿಲ್ಲ.

“ಎಲ್ಲಾರೂ ಕಣ್ಣು ಮುಚ್ಚರಿ. ರಸ್ತಾ ನೋಡಬ್ಯಾಡ್ರಿ. ಬರೇ ಕೇಳ್ರಿ.”

ಟೇಪು ಓಡಿತು. ಮುಕುಂದನ ದನಿ, ಎಂಜಿನ್ನಿನ ಚೀರಾಟ, ಕಲ್ಲು ಸಿಡಿಯುವ ಸದ್ದು. ನಡುನಡುವೆ ನಾಲಿಗೆಗೆ ಬೆರಳು ತಾಗಿಸುವ ಸದ್ದು, ಹಾಳೆಯ ಸರಸರ.

“ಹಾಳಿ ಹೊಳ್ಳಸಿದ್ರು, ಕೇಳಿದ್ರೆಲ್ಲಾ? ಒಂದು ಹಾಳಿಗೆ ಆರು ಸಾಲು. ಆರು ತಿರುವಿಗೊಮ್ಮೆ ಈ ಸದ್ದು ಬರ್ತದ. ಸಾಲಹಳ್ಳಿಯಿಂದ ಇಲ್ಲೀತನಕಾ ಒಮ್ಮೀನೂ ತಪ್ಪಿಲ್ಲ. ಈಗ ಸೇತುವಿ ದಾಟತದ. ಎಣಸ್ರಿ.”

ಗಾಡಿ ಹಾರಿ ಬಿದ್ದ ದಡ್ ಎಂಬ ಸದ್ದು. ಆಮೇಲೆ ತಿರುವುಗಳು. ಕೆಲವರು ಬೆರಳು ಮಡಚಿ ಎಣಿಸಿದರು. ಐದು, ಆರು, ಏಳು. ಹಾಳೆಯ ಸದ್ದು ಬರಲಿಲ್ಲ. ಎಂಟು. ಒಂಬತ್ತು. ತಗಡು ಹರಿಯಿತು.

“ಒಂಬತ್ತು ಸಾಲು ಓದಿದಾಂವ ಒಂದು ಹಾಳಿನಾದ್ರೂ ಹೊಳ್ಳಸಬೇಕಲ್ಲ ಕಾಕಾ? ಉಸಿರೂ ಕೇಳ್ರಿ. ಮೊದಲಿಗೆ ಒಂದೊಂದು ಸಾಲಿಗೊಂದು ಉಸಿರು. ಸೇತುವಿ ದಾಟಿದ ಮ್ಯಾಲೆ ಮೂರು ಸಾಲಿಗೊಂದು. ನಮ್ಮ ಮನ್ಯಾಗ ಬಾಯಿಪಾಠ ಹೇಳೂದು ಹಿಂಗs.” ಅವಳು ವಹಿ ಮುಚ್ಚಿದಳು. “ಕಣ್ಣು ಜಾರಿಲ್ಲ. ಕಣ್ಣಿನ ಮುಂದ ಪುಸ್ತಕನs ಇಲ್ಲ. ಸೇತುವಿ ಮ್ಯಾಲೆ ಅದು ಕೈಬಿಟ್ಟದ. ಅಪ್ಪಗ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ತಿರುವು ಹೇಳ್ಯಾರ.”

ಪರದೆಯ ಮೇಲೆ ಖಣಿಯ ಅಂಚು ನಿಂತಿತ್ತು.

ಹನ್ನೊಂದು ವರ್ಷ ಭೀಮಶಿ ಜಾರಿದ ಕಣ್ಣೊಂದನ್ನು ಬೈದಿದ್ದ. ಕಣ್ಣು ಜಾರುವುದು ಯಾರಿಗಾದರೂ ಆಗುವುದೇ. ಅದನ್ನು ಬೈಯಬಹುದು, ಹತ್ತು ಜನರ ಮುಂದೆ ಆಡಿಕೊಂಡು ನಗಬಹುದು, ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರನ್ನು ಕರೆಯುವಾಗ ನಸೀಬು ಎಂದು ಬಿಡಬಹುದು.

“ಖರೇನ ಆಚಾರಿ?” ಎಂದು ಕೇಳಿದ.

“ಖರೆ.”

“ಪುಸ್ತಕ ಬಿದ್ದಿತ್ತು?”

“ಕಾಲಾಗ ಬಿತ್ತು. ಬಗ್ಗಲಿಕ್ಕೆ ಬರ್ತಿರಲಿಲ್ಲ, ಬೆಲ್ಟ್ ಇತ್ತು.”

“ಒಂದು ಮಾತು ಅಂದಿದ್ರ ಸಾಕಾಗಿತ್ತು. ‘ತಪ್ಪೇತಿ’. ನಾ ಬ್ರೇಕ್ ಹಾಕತಿದ್ನಿ.”

“ಗೊತ್ತದ.”

“ಒಂದು ಮಿನಿಟು ಹೋಗತಿತ್ತು. ಬಾಳ ಅಂದ್ರ ಓಟ ಹೋಗತಿತ್ತು. ಮತ್ಯಾಕ ಅನ್ನಲಿಲ್ಲ?”

ಮುಕುಂದನಿಗೆ ನಲವತ್ತೊಂಬತ್ತು. ಹೇಳಬೇಕೆಂದರೆ ಹನ್ನೆರಡನೆಯ ವಯಸ್ಸಿನ ಆ ಊಟದ ಎಲೆಯ ಮುಂದಿನಿಂದ ಶುರು ಮಾಡಬೇಕಾಗಿತ್ತು, ಈ ಜನಕ್ಕೆ ಅದು ಇನ್ನೊಂದು ನಗೆಯಾಗುತ್ತಿತ್ತು. ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

“ಎಂಟು ಸರಿ ಬಂದಿದ್ದವು,” ಎಂದ.

ಹಿಂದಿನ ಸಾಲಿನಲ್ಲಿ ಯಾರೋ “ಥೂ” ಎಂದರು. ಮಹಾಂತಪ್ಪ ಒಂದು ಹೆಜ್ಜೆ ಮುಂದೆ ಬಂದ. ಭೀಮಶಿ ಕೈಯೆತ್ತಿ ಅವನನ್ನು ತಡೆದ. ಕುರ್ಚಿಯನ್ನು ಹರಿಪ್ರಿಯಾಳ ಕಡೆ ತಿರುಗಿಸಿದ.

“ಯಾವಾಗಿಂದ ಗೊತ್ತು ನಿನಗ?”

“ಪಿಯುಸಿಯಿಂದ. ಬಸ್ಸಿನ್ಯಾಗ ಹುಡುಗ್ರು ದಿನಾ ಇದನ್ನ ನನ್ನ ಕಿವಿ ಹಂತೇಕ ಹಚ್ಚತಿದ್ರು. ಕೇಳಿ ಕೇಳಿ ಗೊತ್ತಾತು.”

“ಯಾರ ಮುಂದನೂ ಹೇಳಲಿಲ್ಲ?”

“ಇವತ್ತಿನ ತನಕಾ ಬೇಕಾಗಿರಲಿಲ್ಲ.”

ಭೀಮಶಿ ಅವಳನ್ನು ನೋಡಿದ. ಲಾರಿ ಕೊಳ್ಳುವಾಗ ಎಂಜಿನ್ನಿನ ಸದ್ದು ಕೇಳಿ ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿದ.

“ಈ ಕಿವಿ ನಮಗ ಬೇಕು. ಮಹಾಂತಾ, ಇಕಿ ಜಾಕೀಟಿನ ಅಳತಿ ತಗೊಳ್ಳಾಕ ಹೇಳು. ಭರಮಪ್ಪಾ, ನೀ ಊಟಾ ಮಾಡ್ಕೊಂಡು ಹೋಗಪಾ.”

ಫಾರ್ಮು ಹರಿಪ್ರಿಯಾಳ ಕೈಗೆ ಬಂತು. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮುಖದಲ್ಲಿ ಸಂತೋಷವಿತ್ತು, ಅದನ್ನು ಅವಳು ಮುಚ್ಚಲಿಲ್ಲ. ಒಂದು ಸಲ ಅಪ್ಪನ ಕಡೆ ನೋಡಿದಳು. ಬೇಡಿದ್ದನ್ನು ತಂದುಕೊಟ್ಟವನನ್ನು ನೋಡುವಂತೆ ನೋಡಿದಳು. ಜಾಕೀಟು ಹೊಲಿಯುವವಳು ಅಳತೆಪಟ್ಟಿ ಹಿಡಿದು ಬಂದಾಗ ತೋಳು ಚಾಚಿ ನಿಂತಳು.

ಭೀಮಶಿ ಮತ್ತೆ ಮುಕುಂದನ ಹತ್ತಿರ ಕುರ್ಚಿ ಉರುಳಿಸಿಕೊಂಡು ಬಂದ. ಈಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

“ಮುಂದಿನ ವರ್ಷನೂ ಬಾ ಆಚಾರಿ. ದರಾ ವರ್ಷ ಬಾ. ಹಳೇ ಪಾಠ ಮುಗೀತು, ಈಗ ಹೊಸಾದು ಐತಿ.”

ಮುಕುಂದ ಬಾಗಿಲ ಕಡೆ ತಿರುಗಿದ.

“ಒಂದು ಕೇಳತೇನಿ, ಖರೆ ಹೇಳು. ನಾವಿಬ್ಬರs ಇದೇವಿ ಅಂತ ತಿಳಕೊ. ಒಂಬತ್ತನೇದು ಹೇಳೂಮುಂದ ನಿನಗ ಒಂದೀಟರ ಅನುಮಾನ ಬಂದಿತ್ತೋ, ಇಲ್ಲೋ? ಬಂದಿತ್ತಂದ್ರ, ಅನುಮಾನ ಇದ್ದೂ ನನ್ನ ಖಣಿಗೆ ಹಾಕಿದೀ ಅಂತ ತಿಳಕೋತೇನಿ. ಬರಲೇ ಇಲ್ಲಂದ್ರ—”

ಮುಕುಂದ ನಡೆದ. ಪ್ರೊಜೆಕ್ಟರಿನ ಬೆಳಕನ್ನು ದಾಟಿದ, ತೋಳು ಚಾಚಿ ನಿಂತ ಮಗಳನ್ನು ದಾಟಿದ. ಕುರ್ಚಿಯ ಸಾಲುಗಳ ನಡುವೆ ಜನ ಕಾಲು ಹಿಂದಕ್ಕೆ ತೆಗೆದು ದಾರಿ ಬಿಟ್ಟರು.

“ಆಚಾರೀ, ಅದೊಂದು ಹೇಳಿ ಹೋಗೋ,” ಎಂದು ಭೀಮಶಿ ಹಿಂದಿನಿಂದ ಕೂಗಿದ. “ಬಂದಿತ್ತೋ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಮುಕುಂದಾ—”

ಮಂಟಪದ ಮೆಟ್ಟಿಲು ಮೂರು. ಮುಕುಂದ ಮೂರನ್ನೂ ಇಳಿದಿದ್ದ.